ಅಮೆರಿಕದ ಇಷ್ಟೊಂದು ಕಾಲೇಜುಗಳಲ್ಲಿ 'ಓಲ್ಡ್ ಮೇನ್' ಎಂಬ ಒಂದೇ ಹೆಸರಿನ ಕಟ್ಟಡಗಳೇಕೆ?

ಬೆಳಗಾವಿ, ಬಾಗಲಕೋಟೆ, ವಿಜಯಪುರಗಳ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬಿ.ಇ. ಮುಗಿಸಿ, ಎಂ.ಎಸ್. ಓದಲು ಅಮೆರಿಕಕ್ಕೆ ಅರ್ಜಿ ಹಾಕುವ ಮಕ್ಕಳಿರುವ ಮನೆಗಳಲ್ಲಿ ವಿಶ್ವವಿದ್ಯಾಲಯಗಳಿಂದ ಬರುವ ಪತ್ರಗಳನ್ನು ಈಗ ತಂದೆತಾಯಿಯರೂ ಕುಳಿತು ಓದುತ್ತಾರೆ. ಶಿಕ್ಷಣ ಸಾಲದ ಅರ್ಜಿ, ವೀಸಾ ಅರ್ಜಿ, ಅಂಕಪಟ್ಟಿ ಕಳಿಸುವ ಲಕೋಟೆ ಎಲ್ಲದರಲ್ಲೂ ವಿಳಾಸವನ್ನು ತಪ್ಪಿಲ್ಲದೆ ಬರೆಯಬೇಕಾಗುವುದರಿಂದ ಅದರ ಮೇಲೆ ಮತ್ತೆ ಮತ್ತೆ ಕಣ್ಣು ಹಾಯುತ್ತದೆ. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಧ್ಯಕ್ಷರ ಕಚೇರಿ ಇರುವುದು 'ಓಲ್ಡ್ ಮೇನ್' ಎಂಬ ಕಟ್ಟಡದಲ್ಲಿ. ಅಲ್ಲಿಂದ ಸಾವಿರಾರು ಕಿಲೋಮೀಟರ್ ಪಶ್ಚಿಮದಲ್ಲಿರುವ ಯೂಟಾ ಸ್ಟೇಟ್ ವಿಶ್ವವಿದ್ಯಾಲಯದ ಅಂಚೆ ವಿಳಾಸದಲ್ಲಿ 'ಓಲ್ಡ್ ಮೇನ್ ಹಿಲ್' ಎಂದಿರುತ್ತದೆ. ಅರಿಜೋನಾ ವಿಶ್ವವಿದ್ಯಾಲಯದ ಚಿತ್ರಗಳಲ್ಲಿ ಒಂದು ಓಲ್ಡ್ ಮೇನ್ ಇದೆ, ಅರ್ಕನ್ಸಾ ವಿಶ್ವವಿದ್ಯಾಲಯದ ಚಿತ್ರಗಳಲ್ಲಿ ಮತ್ತೊಂದು.

ಇವೆಲ್ಲ ಒಂದೇ ಸಂಸ್ಥೆಯ ಶಾಖೆಗಳೇ, ಒಬ್ಬನೇ ದಾನಿ ಕಟ್ಟಿಸಿದ ಕಟ್ಟಡಗಳೇ ಎಂಬ ಅನುಮಾನ ಬರುವುದು ಸಹಜ. ಎರಡೂ ಅಲ್ಲ. ಈ ಕಟ್ಟಡಗಳ ನಡುವೆ ಆಡಳಿತದ ಸಂಬಂಧವೂ ಇಲ್ಲ, ಹಣದ ಸಂಬಂಧವೂ ಇಲ್ಲ. ಒಂದೊಂದು ಊರಿನಲ್ಲೂ ಅದರ ಪಾಡಿಗೆ ಅದು ಹುಟ್ಟಿ, ಒಂದೇ ಬಗೆಯ ಪರಿಸ್ಥಿತಿಯಲ್ಲಿ ಬೆಳೆದು, ಕೊನೆಗೆ ಒಂದೇ ಹೆಸರನ್ನು ಪಡೆದುಕೊಂಡಿವೆ. ಆ ಪರಿಸ್ಥಿತಿ ಯಾವುದು ಎಂದು ತಿಳಿದರೆ ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಕಾಲೇಜೆಂಬುದು ಹೇಗೆ ಕಟ್ಟಲ್ಪಡುತ್ತಿತ್ತು ಎಂಬುದೂ ತಿಳಿಯುತ್ತದೆ.

ಹೆಸರು ಬಂದದ್ದು ಯಾವಾಗ?

ಓಲ್ಡ್ ಮೇನ್ ಎಂದರೆ ಹಳೆಯ ಮುಖ್ಯ ಕಟ್ಟಡ, ಅಷ್ಟೇ. ಇಲ್ಲಿ ಗಮನಿಸಬೇಕಾದದ್ದು ಈ ಹೆಸರು ಕಟ್ಟಡದ ಜೊತೆ ಹುಟ್ಟಿದ್ದಲ್ಲ ಎಂಬುದನ್ನು. ಶಂಕುಸ್ಥಾಪನೆಯ ದಿನ ಯಾರೂ ತಮ್ಮ ಹೊಸ ಕಟ್ಟಡವನ್ನು ಹಳೆಯದು ಎಂದು ಕರೆಯುವುದಿಲ್ಲ. ಅರ್ಕನ್ಸಾದ ಕಟ್ಟಡಕ್ಕೆ ಮೊದಲಿಗೆ ಇದ್ದ ಹೆಸರು ಯೂನಿವರ್ಸಿಟಿ ಹಾಲ್. ಬೇರೆ ಕಡೆಗಳಲ್ಲಿ ಮೇನ್ ಬಿಲ್ಡಿಂಗ್ ಎಂದೋ, ಬರಿದೇ 'ಕಾಲೇಜು' ಎಂದೋ ಕರೆಯುತ್ತಿದ್ದರು. ಇದ್ದದ್ದೇ ಒಂದು ಕಟ್ಟಡವಾದ್ದರಿಂದ ಬೇರೆ ಹೆಸರಿನ ಅಗತ್ಯವೇ ಇರಲಿಲ್ಲ.

ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಬರುವ ತನಕ ಬಾಗಲಕೋಟೆ ಬರೇ ಬಾಗಲಕೋಟೆಯಾಗಿತ್ತು. ಮುಳುಗಡೆಯಾದವರಿಗಾಗಿ ನವನಗರ ಎದ್ದ ಮೇಲೆಯೇ ಮೂಲ ಊರು 'ಹಳೆ ಬಾಗಲಕೋಟೆ'ಯಾಯಿತು. ಅಮೆರಿಕದ ಕಾಲೇಜುಗಳಲ್ಲಿ ನಡೆದದ್ದೂ ಇದೇ. ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿ, ಗ್ರಂಥಾಲಯಕ್ಕೊಂದು, ವಿಜ್ಞಾನಕ್ಕೊಂದು, ವಸತಿಗೊಂದು ಎಂದು ಹೊಸ ಕಟ್ಟಡಗಳು ಎದ್ದಂತೆ, ಮೊದಲಿನದನ್ನು ಗುರುತಿಸಲು ವಿದ್ಯಾರ್ಥಿಗಳೂ ಅಧ್ಯಾಪಕರೂ ಬಾಯಿಮಾತಿನಲ್ಲಿ ಬಳಸತೊಡಗಿದ ಮಾತು ಕ್ರಮೇಣ ನಕ್ಷೆಗಳಿಗೂ ದಾಖಲೆಗಳಿಗೂ ಸೇರಿತು. ಯಾವ ಆಡಳಿತ ಮಂಡಳಿಯೂ ಮತ್ತೊಂದು ಕಾಲೇಜನ್ನು ನೋಡಿ ನಕಲು ಮಾಡಬೇಕಾಗಿರಲಿಲ್ಲ.

ಒಂದೇ ಸೂರಿನಡಿ ಇಡೀ ಕಾಲೇಜು

ಇಡೀ ಕಾಲೇಜನ್ನು ಒಂದೇ ದೊಡ್ಡ ಕಟ್ಟಡದೊಳಗೆ ಇಡುವ ಪದ್ಧತಿಗೆ ಅಮೆರಿಕದಲ್ಲಿ ಹೆಸರಾದ ಮಾದರಿ ನ್ಯೂಜೆರ್ಸಿಯ ನಸೌ ಹಾಲ್. ಇಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವೆಂದು ಕರೆಯುವ ಸಂಸ್ಥೆಗಾಗಿ 1756ರಲ್ಲಿ ಸಿದ್ಧವಾದ ಈ ಕಲ್ಲಿನ ಕಟ್ಟಡದಲ್ಲಿ ಪಾಠದ ಕೋಣೆಗಳು, ವಿದ್ಯಾರ್ಥಿಗಳ ವಸತಿ, ಗ್ರಂಥಾಲಯ, ಊಟದ ಮನೆ, ಪ್ರಾರ್ಥನಾ ಮಂದಿರ ಎಲ್ಲವೂ ಇದ್ದವು. 1783ರಲ್ಲಿ ಕೆಲವು ತಿಂಗಳ ಕಾಲ ಅಮೆರಿಕದ ಕಾಂಗ್ರೆಸ್ ಸಭೆಯೂ ಇಲ್ಲಿಯೇ ನಡೆದದ್ದರಿಂದ ಈ ಕಟ್ಟಡ ಅಲ್ಪಕಾಲ ದೇಶದ ರಾಜಧಾನಿಯ ಕೆಲಸವನ್ನೂ ಮಾಡಿತು. ನಡುವೆ ಒಂದು ಗೋಪುರ, ಎರಡೂ ಬದಿಗೆ ಚಾಚಿಕೊಂಡ ಉದ್ದನೆಯ ಅಂಗಗಳು, ಮೂರು ನಾಲ್ಕು ಅಂತಸ್ತುಗಳು ಎಂಬ ಅದರ ರೂಪವನ್ನು ಬ್ರೌನ್, ಡಾರ್ಟ್ಮತ್ ಮುಂತಾದ ಕಾಲೇಜುಗಳು ಅನುಸರಿಸಿದವು. ದೇಶ ಪಶ್ಚಿಮಕ್ಕೆ ಹಬ್ಬುತ್ತ ಹೋದಂತೆ ಈ ರೂಪವೂ ಜೊತೆಯಲ್ಲಿ ಹೋಯಿತು.

ಇದಕ್ಕೆ ಮೊದಲ ಕಾರಣ ಹಣ. ಹತ್ತು ಸಣ್ಣ ಕಟ್ಟಡಗಳಿಗಿಂತ ಒಂದು ದೊಡ್ಡ ಕಟ್ಟಡಕ್ಕೆ ಕಡಿಮೆ ಗೋಡೆ, ಕಡಿಮೆ ಛಾವಣಿ, ಕಡಿಮೆ ಕಾವಲು ಸಾಕು. ಹಿಮ ಬೀಳುವ ಪ್ರದೇಶಗಳಲ್ಲಿ ಬೆಚ್ಚಗಿಡುವ ಖರ್ಚೂ ಉಳಿಯುತ್ತದೆ. ಹೊಸ ಊರುಗಳಲ್ಲಿ ಕಾಲೇಜಿಗೆ ಹಣ ಬರುತ್ತಿದ್ದದ್ದು ಊರವರ ವಂತಿಗೆ, ಚರ್ಚಿನ ಸಹಾಯ, ಇಲ್ಲವೇ ಶಾಸನಸಭೆಯ ಸಣ್ಣ ಅನುದಾನದಿಂದ. ಎರಡನೆಯ ಕಾರಣ ಊರಿನ ಪ್ರತಿಷ್ಠೆ. ರೈಲು ಯಾವ ಊರಿಗೆ ಬರಬೇಕು, ಜಿಲ್ಲಾ ಕೇಂದ್ರ ಯಾವುದಾಗಬೇಕು ಎಂದು ಊರುಗಳು ಪೈಪೋಟಿ ನಡೆಸುತ್ತಿದ್ದ ಕಾಲದಲ್ಲಿ, ದೂರದಿಂದಲೇ ಕಾಣುವಂತೆ ಗುಡ್ಡದ ಮೇಲೆ ನಿಂತ ಗೋಪುರದ ಕಟ್ಟಡ ಆ ಊರು ನೆಲೆ ಕಂಡುಕೊಂಡಿದೆ ಎಂಬುದಕ್ಕೆ ಸಾಕ್ಷಿಯಾಗುತ್ತಿತ್ತು. ಯೂಟಾದ ಲೋಗನ್ ಊರಿನಲ್ಲಿ ಗುಡ್ಡಕ್ಕೇ ಓಲ್ಡ್ ಮೇನ್ ಹೆಸರು ಬಂದಿರುವುದು ಹೀಗೆ.

ಮೂರನೆಯದು ಕಾನೂನು. 1862ರಲ್ಲಿ ಅಮೆರಿಕದ ಸರ್ಕಾರ ತಂದ ಮೊರಿಲ್ ಕಾಯಿದೆಯ ಪ್ರಕಾರ, ಒಂದು ರಾಜ್ಯಕ್ಕೆ ಕಾಂಗ್ರೆಸ್ಸಿನಲ್ಲಿ ಎಷ್ಟು ಸದಸ್ಯರಿದ್ದಾರೋ ಅವರಲ್ಲಿ ತಲೆಗೆ 30,000 ಎಕರೆಯಂತೆ ಸರ್ಕಾರಿ ಜಮೀನು ಸಿಗುತ್ತಿತ್ತು; ಅದನ್ನು ಮಾರಿ ಬಂದ ನಿಧಿಯಿಂದ ಕೃಷಿ ಮತ್ತು ತಾಂತ್ರಿಕ ವಿದ್ಯೆಯ ಕಾಲೇಜುಗಳನ್ನು ನಡೆಸಬೇಕಿತ್ತು. ಪೆನ್ ಸ್ಟೇಟ್, ಅರ್ಕನ್ಸಾ, ಯೂಟಾ ಸ್ಟೇಟ್, ಅರಿಜೋನಾ ಎಲ್ಲವೂ ಈ ವ್ಯವಸ್ಥೆಯ ಫಲವನ್ನು ಉಂಡ ಸಂಸ್ಥೆಗಳು. ಆ ಜಮೀನಿನಲ್ಲಿ ಬಹುಪಾಲು ಮೂಲನಿವಾಸಿ ಬುಡಕಟ್ಟುಗಳ ಕೈತಪ್ಪಿ ಬಂದ ನೆಲವಾಗಿತ್ತು ಎಂಬುದನ್ನು ಇಲ್ಲಿ ಬಿಡುವಂತಿಲ್ಲ. ಆದರೆ ಕಾಯಿದೆಯ ಹಣವನ್ನು ಕಟ್ಟಡಕ್ಕೆ ಬಳಸಲು ನಿರ್ಬಂಧವಿದ್ದುದರಿಂದ, ಕಟ್ಟಡದ ವೆಚ್ಚವನ್ನು ಸ್ಥಳೀಯವಾಗಿಯೇ ಹೊಂದಿಸಬೇಕಾಗಿತ್ತು. ಒಂದೇ ಕಟ್ಟಡದಿಂದ ಶುರುಮಾಡುವುದಕ್ಕೆ ಇದೂ ಒಂದು ಒತ್ತಾಸೆ.

ಒಂದೇ ಸೂರಿನ ಬದುಕು ಎಷ್ಟು ಇಕ್ಕಟ್ಟಿನದು ಎಂಬುದಕ್ಕೆ ಕೊಲರಾಡೊ ವಿಶ್ವವಿದ್ಯಾಲಯ ಒಳ್ಳೆಯ ಉದಾಹರಣೆ. 1877ರಲ್ಲಿ ಬೌಲ್ಡರ್ ಊರಿನ ಬಯಲಿನಲ್ಲಿ ಅದು ಬಾಗಿಲು ತೆರೆದಾಗ 44 ವಿದ್ಯಾರ್ಥಿಗಳಿದ್ದರು. ತರಗತಿಗಳು ನಡೆಯುತ್ತಿದ್ದ ಓಲ್ಡ್ ಮೇನ್ ಕಟ್ಟಡದಲ್ಲಿಯೇ ವಿಶ್ವವಿದ್ಯಾಲಯದ ಮೊದಲ ಅಧ್ಯಕ್ಷ ಜೋಸೆಫ್ ಸೀವಾಲ್ ತಮ್ಮ ಸಂಸಾರದೊಡನೆ ವಾಸವಾಗಿದ್ದರು. ಕುಲಪತಿಯ ಮನೆಯೂ ವಿದ್ಯಾರ್ಥಿಯ ಪಾಠದ ಕೋಣೆಯೂ ಒಂದೇ ಸೂರಿನಡಿ ಇರುವ ವಿಶ್ವವಿದ್ಯಾಲಯವನ್ನು ಇಂದಿನ ನಮ್ಮ ವಿಶ್ವವಿದ್ಯಾಲಯಗಳ ನೂರಾರು ಎಕರೆಯ ಆವರಣಗಳಲ್ಲಿ ನಿಂತು ಊಹಿಸುವುದು ಸುಲಭವಲ್ಲ.

ಬಿಸಿಲೂರಿನ ಓಲ್ಡ್ ಮೇನ್

ನಮ್ಮ ಭಾಗದ ಓದುಗರಿಗೆ ಹೆಚ್ಚು ಹತ್ತಿರವೆನಿಸುವುದು ಅರಿಜೋನಾದ ಟೂಸಾನ್ ಊರಿನ ಕಟ್ಟಡ ಎಂದು ನನಗೆ ತೋರುತ್ತದೆ, ಏಕೆಂದರೆ ಅದು ಬಿಸಿಲನ್ನು ಲೆಕ್ಕಕ್ಕಿಟ್ಟು ಕಟ್ಟಿದ ಕಟ್ಟಡ. 1885ರಲ್ಲಿ ಅರಿಜೋನಾ ಇನ್ನೂ ರಾಜ್ಯವಾಗಿರಲಿಲ್ಲ. ಕೇಂದ್ರದ ಆಡಳಿತದಲ್ಲಿದ್ದ ಪ್ರಾಂತವಾಗಿತ್ತು. ಟೂಸಾನ್ ಜನರಿಗೆ ಬೇಕಾಗಿದ್ದದ್ದು ರಾಜಧಾನಿ. ಅದು ಸಿಗಲಿಲ್ಲ. ಫೀನಿಕ್ಸ್ ಊರಿಗೆ ಮಾನಸಿಕ ರೋಗಿಗಳ ಆಸ್ಪತ್ರೆ ಮಂಜೂರಾಯಿತು. ಟೂಸಾನಿನ ಪಾಲಿಗೆ 25,000 ಡಾಲರ್ ಅನುದಾನದ ವಿಶ್ವವಿದ್ಯಾಲಯ ಬಂತು. ಆಸ್ಪತ್ರೆಯಾದರೆ ನೌಕರಿಯಾದರೂ ಹುಟ್ಟುತ್ತದೆ, ವಿಶ್ವವಿದ್ಯಾಲಯದಿಂದ ಏನು ಪ್ರಯೋಜನ ಎಂದು ಊರವರು ಸಿಟ್ಟಾದರು.

ಅನುದಾನ ಸಿಗಬೇಕಾದರೆ ಊರಿನವರು ಜಮೀನು ಕೊಡಬೇಕೆಂಬ ಷರತ್ತಿತ್ತು. ಕೊನೆಗೆ 40 ಎಕರೆ ಜಮೀನನ್ನು ದಾನವಾಗಿ ಕೊಟ್ಟವರು ಇಬ್ಬರು ಜೂಜುಕೋರರು ಮತ್ತು ಒಬ್ಬ ಸಾರಾಯಿ ಅಂಗಡಿಯ ಮಾಲೀಕ. ವಿದ್ಯಾದಾನದ ಚರಿತ್ರೆಯಲ್ಲಿ ಇಂಥ ದಾನಿಗಳು ವಿರಳ. 1887ರಲ್ಲಿ ಕೆಲಸ ಶುರುವಾಗಿ 1891ರಲ್ಲಿ ತರಗತಿಗಳು ಆರಂಭವಾದಾಗ 32 ವಿದ್ಯಾರ್ಥಿಗಳು, ಆರು ಮಂದಿ ಅಧ್ಯಾಪಕರು ಇದ್ದರು.

ವಾಸ್ತುಶಿಲ್ಪಿ ಜೇಮ್ಸ್ ಕ್ರೈಟನ್ ಇಲ್ಲಿ ಎರಡು ಉಪಾಯಗಳನ್ನು ಮಾಡಿದ. ಕೆಳಗಿನ ಅಂತಸ್ತನ್ನು ಭಾಗಶಃ ನೆಲದೊಳಗೆ ಇಳಿಸಿದ. ಸುತ್ತಲಿನ ಮಣ್ಣು ಗೋಡೆಗೆ ಬಿಸಿಲು ತಾಗದಂತೆ ತಡೆಯುತ್ತದೆ, ಹಗಲಿನಲ್ಲಿ ಒಳಗಿನ ಕೋಣೆಗಳು ಹೊರಗಿಗಿಂತ ತಂಪಾಗಿರುತ್ತವೆ. ಮೇಲಿನ ಅಂತಸ್ತಿನ ಸುತ್ತ ಅಗಲವಾದ ಜಗಲಿಯನ್ನು ಕೊಟ್ಟ. ಬಿಸಿಲು ನೇರವಾಗಿ ಗೋಡೆಯ ಮೇಲೆ ಬೀಳದೆ ನೆರಳು ಸದಾ ಉಳಿಯುತ್ತದೆ. ಪೂರ್ವ ಅಮೆರಿಕದ ಚಳಿಗೆಂದು ರೂಪುಗೊಂಡ ಮಾದರಿ ಮರುಭೂಮಿಗೆ ಬಂದಾಗ ಹೀಗೆ ಬದಲಾಯಿತು. ಹೆಸರು ಒಂದೇ ಎಂದ ಮಾತ್ರಕ್ಕೆ ಓಲ್ಡ್ ಮೇನ್‌ಗಳ ರೂಪವೂ ಒಂದೇ ಎಂದು ತಿಳಿಯಬಾರದು ಎನ್ನುವುದಕ್ಕೆ ಇದು ಸಾಕ್ಷಿ: ಅರ್ಕನ್ಸಾದ್ದು ಎತ್ತರದ ಇಳಿಜಾರು ಛಾವಣಿಯ, ಎರಡು ಅಸಮಾನ ಗೋಪುರಗಳ ಇಟ್ಟಿಗೆಯ ಕಟ್ಟಡ, ವೆಸ್ಟ್ ವರ್ಜೀನಿಯಾದ ಬೆಥನಿ ಕಾಲೇಜಿನದು ಕಮಾನುಗಳ ಗಾಥಿಕ್ ಶೈಲಿಯದು, ಟೂಸಾನಿನದು ಜಗಲಿಗಳ ತಗ್ಗು ಕಟ್ಟಡ.

1938ರ ಹೊತ್ತಿಗೆ ಟೂಸಾನಿನ ಕಟ್ಟಡ ಶಿಥಿಲವಾಗಿ, ಬಳಕೆಗೆ ಯೋಗ್ಯವಲ್ಲವೆಂದು ಮುಚ್ಚಲ್ಪಟ್ಟಿತು. ಅದು ಉಳಿದದ್ದು ಎರಡನೆಯ ಮಹಾಯುದ್ಧದಿಂದ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ಅಧಿಕಾರಿಗಳ ತರಬೇತಿಗೆ ಜಾಗ ಹುಡುಕುತ್ತ ಬಂದಾಗ ಈ ಕಟ್ಟಡವನ್ನು ದುರಸ್ತಿ ಮಾಡಲಾಯಿತು. ಕಣ್ಣು ಹಾಯುವಷ್ಟು ದೂರ ಸಮುದ್ರವಿಲ್ಲದ ಮರುಭೂಮಿಯಲ್ಲಿ ನೌಕಾಪಡೆಯ ಶಾಲೆ ನಡೆಯಿತು. ಇತ್ತೀಚಿನ ದೊಡ್ಡ ಜೀರ್ಣೋದ್ಧಾರ 2014ರಲ್ಲಿ ಮುಗಿದಿದೆ.

ಸೆಮಿನರಿ ಎಂದರೇನು?

ಓಲ್ಡ್ ಮೇನ್ ಹೆಸರಿನ ಕಟ್ಟಡಗಳಲ್ಲಿ ಹಲವು ಸೆಮಿನರಿಗಳಿಗೆ ಸೇರಿದವು. ಸೆಮಿನರಿ ಎಂದರೆ ಕ್ರೈಸ್ತ ಧರ್ಮಗುರುಗಳಾಗಬಯಸುವವರಿಗೆ ಧರ್ಮಶಾಸ್ತ್ರ, ಪ್ರವಚನ, ಪೂಜಾಕ್ರಮಗಳನ್ನು ಕಲಿಸುವ ವಸತಿಸಹಿತ ವಿದ್ಯಾಲಯ. ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಕುಮಾರ ಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರದಲ್ಲಿ ಮುಂದೆ ಮಠಗಳ ಸ್ವಾಮಿಗಳಾಗುವ ವಟುಗಳಿಗೆ ಶಿಕ್ಷಣ ಕೊಡುವುದನ್ನು ಬಲ್ಲವರಿಗೆ ಇದರ ಸ್ವರೂಪವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ಸ್ವೀಡನ್, ನಾರ್ವೆ, ಫಿನ್ಲೆಂಡ್‌ಗಳಿಂದ ದೊಡ್ಡ ಸಂಖ್ಯೆಯಲ್ಲಿ ಅಮೆರಿಕಕ್ಕೆ ವಲಸೆ ಬಂದ ಲೂಥರನ್ ಪಂಥದವರಿಗೆ ತಮ್ಮ ಭಾಷೆಯಲ್ಲಿ ಪೂಜೆ ನಡೆಸಿಕೊಡುವ ಗುರುಗಳು ಬೇಕಾಗಿದ್ದರು. ಅವರನ್ನು ಊರಿನಿಂದ ಕರೆಸಿಕೊಳ್ಳುತ್ತಲೇ ಇರುವುದು ಸಾಧ್ಯವಿರಲಿಲ್ಲ. ಅಲ್ಲಿಯೇ ತಯಾರು ಮಾಡಬೇಕಾಯಿತು. ಸ್ವೀಡಿಷ್ ವಲಸಿಗರು 1860ರಲ್ಲಿ ಆರಂಭಿಸಿದ ಅಗಸ್ಟಾನಾ ಕಾಲೇಜು ಮತ್ತು ಸೆಮಿನರಿ ಷಿಕಾಗೊದಿಂದ ಎರಡು ಬಾರಿ ಸ್ಥಳ ಬದಲಿಸಿ, 1875ರಲ್ಲಿ ಇಲಿನಾಯ್ ರಾಜ್ಯದ ರಾಕ್ ಐಲೆಂಡ್ ಊರಿನಲ್ಲಿ ನೆಲೆ ನಿಂತಿತು. ಗುಮ್ಮಟವುಳ್ಳ ಅಲ್ಲಿನ ಓಲ್ಡ್ ಮೇನ್ ಇಂದಿಗೂ ಕಾಲೇಜಿನ ಬಳಕೆಯಲ್ಲಿದೆ. ಸೆಮಿನರಿ ಮಾತ್ರ 1960ರ ದಶಕದಲ್ಲಿ ಮತ್ತೆ ಷಿಕಾಗೊಗೆ ಹೋಯಿತು. ನಾರ್ವೇಜಿಯನ್ನರು 1869ರಲ್ಲಿ ಸ್ಥಾಪಿಸಿದ ಆಗ್ಸ್‌ಬರ್ಗ್ ಸೆಮಿನರಿ 1872ರಲ್ಲಿ ಮಿನಿಯಾಪೊಲಿಸ್‌ಗೆ ಬಂತು. ಅಲ್ಲಿಯೂ ಒಂದು ಓಲ್ಡ್ ಮೇನ್ ಇದೆ.

ಮಿಷಿಗನ್ ರಾಜ್ಯದ ತಾಮ್ರದ ಗಣಿಗಳಲ್ಲಿ ದುಡಿಯಲು ಬಂದ ಫಿನ್ಲೆಂಡಿನವರು 1896ರಲ್ಲಿ ಹ್ಯಾಂಕಾಕ್ ಎಂಬ ಸಣ್ಣ ಊರಿನಲ್ಲಿ ಸುವೋಮಿ ಕಾಲೇಜನ್ನು ತೆರೆದರು. ಸುತ್ತಲಿನ ಪ್ರದೇಶದಲ್ಲಿ ಸಿಗುವ ಕೆಂಪು ಮರಳುಗಲ್ಲಿನಿಂದ ಕಟ್ಟಿದ ಓಲ್ಡ್ ಮೇನ್ 1900ರಲ್ಲಿ ಉದ್ಘಾಟನೆಯಾಯಿತು. ಕಾಲೇಜಿನ ಜೊತೆ ಸೆಮಿನರಿಯೂ 1904ರಿಂದ 1958ರವರೆಗೆ ಅಲ್ಲಿ ನಡೆಯಿತು. ಮುಂದೆ ಫಿನ್ಲೆಂಡಿಯಾ ವಿಶ್ವವಿದ್ಯಾಲಯ ಎಂದು ಹೆಸರು ಬದಲಿಸಿಕೊಂಡ ಈ ಸಂಸ್ಥೆ ಆರ್ಥಿಕ ಸಂಕಷ್ಟದಿಂದ 2023ರಲ್ಲಿ ಬಾಗಿಲು ಮುಚ್ಚಿತು.

ಆದರೆ ಹಳೆಯ ಕಾಗದಗಳಲ್ಲಿ ಸೆಮಿನರಿ ಎಂಬ ಮಾತು ಕಂಡ ಕಡೆಯಲ್ಲೆಲ್ಲ ಧರ್ಮಗುರುಗಳ ಶಾಲೆ ಎಂದು ತಿಳಿದರೆ ದಾರಿ ತಪ್ಪುತ್ತದೆ. ಆ ಕಾಲದಲ್ಲಿ ಹೆಣ್ಣುಮಕ್ಕಳ ಉನ್ನತ ಶಾಲೆಗಳನ್ನೂ ಸೆಮಿನರಿ ಎಂದೇ ಕರೆಯುತ್ತಿದ್ದರು. ಮೇರಿ ಲಯನ್ 1837ರಲ್ಲಿ ಮೆಸಾಚುಸೆಟ್ಸ್‌ನಲ್ಲಿ ಆರಂಭಿಸಿದ ಮೌಂಟ್ ಹೋಲ್ಯೋಕ್ ಸೆಮಿನರಿ ಇವುಗಳಲ್ಲಿ ಪ್ರಸಿದ್ಧವಾದದ್ದು. ಗಂಡುಮಕ್ಕಳ ಕಾಲೇಜುಗಳು ಬಾಗಿಲು ತೆರೆಯದಿದ್ದಾಗ ಹೆಣ್ಣುಮಕ್ಕಳಿಗೆ ಅಷ್ಟೇ ಗಟ್ಟಿಯಾದ ಶಿಕ್ಷಣ ಕೊಡುವ ಉದ್ದೇಶ ಅದರದ್ದಾಗಿತ್ತು. ಅಲ್ಲಿಯೂ ವಸತಿ, ಪಾಠ, ಅಡುಗೆ ಎಲ್ಲವೂ ಒಂದೇ ದೊಡ್ಡ ಕಟ್ಟಡದಲ್ಲಿ.

ಲಿಂಕನ್ ಕಿಟಕಿಯಿಂದ ಇಳಿದ ಕಟ್ಟಡ

ಈ ಹೆಸರಿನ ಕಟ್ಟಡಗಳಲ್ಲಿ ದೇಶದ ರಾಜಕೀಯ ಚರಿತ್ರೆಗೆ ನೇರವಾಗಿ ಸೇರಿದ್ದು ಇಲಿನಾಯ್ ರಾಜ್ಯದ ಗೇಲ್ಸ್‌ಬರ್ಗ್ ಊರಿನ ನಾಕ್ಸ್ ಕಾಲೇಜಿನದು. ಅದು ಸಿದ್ಧವಾದದ್ದು 1857ರಲ್ಲಿ. ಮರುವರ್ಷ ಸೆನೆಟ್ ಸ್ಥಾನಕ್ಕಾಗಿ ಅಬ್ರಹಾಂ ಲಿಂಕನ್ ಮತ್ತು ಸ್ಟೀಫನ್ ಡಗ್ಲಸ್ ರಾಜ್ಯದ ಏಳು ಊರುಗಳಲ್ಲಿ ಗುಲಾಮಗಿರಿಯ ಪ್ರಶ್ನೆಯನ್ನು ಹಿಡಿದು ಬಹಿರಂಗ ವಾದ ನಡೆಸಿದರು. ಐದನೆಯ ವಾದ 1858ರ ಅಕ್ಟೋಬರ್ 7ರಂದು ಇಲ್ಲಿ ನಡೆಯಿತು.

ಅಂದು ಗಾಳಿ ಜೋರಾಗಿದ್ದರಿಂದ ಗೋಡೆಯ ಆಸರೆ ಸಿಗಲೆಂದು ವೇದಿಕೆಯನ್ನು ಕಟ್ಟಡದ ಪೂರ್ವ ಬದಿಗೆ ಒತ್ತಿ ಕಟ್ಟಿದರು. ಬಾಗಿಲಿಗೆ ವೇದಿಕೆ ಅಡ್ಡವಾಯಿತು. ಭಾಷಣಕಾರರು ಕಟ್ಟಡದ ಒಳಗಿನಿಂದ ಕಿಟಕಿಯ ಮೂಲಕ ವೇದಿಕೆಗೆ ದಾಟಬೇಕಾಯಿತು. ಶಾಲೆಯ ಓದು ಹೆಚ್ಚು ದಕ್ಕದ ಲಿಂಕನ್, ಅಂತೂ ಕಾಲೇಜಿನೊಳಗಿಂದ ಹಾದು ಬಂದೆ ಎಂಬರ್ಥದ ಹಾಸ್ಯ ಮಾಡಿದನೆಂಬ ಕಥೆಯನ್ನು ಆ ಊರಿನವರು ಇಂದಿಗೂ ಹೇಳುತ್ತಾರೆ. ಆ ಚುನಾವಣೆಯಲ್ಲಿ ಲಿಂಕನ್ ಸೋತ; ಎರಡು ವರ್ಷದ ಮೇಲೆ ಅಧ್ಯಕ್ಷನಾಗಿ ಆಯ್ಕೆಯಾದ. ಈ ವಾದದ ಕಾರಣದಿಂದಲೇ ಕಟ್ಟಡಕ್ಕೆ 1961ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮಾನ್ಯತೆ ಸಿಕ್ಕಿತು.

ಬೆಂಕಿ ಮತ್ತು ಸುತ್ತಿಗೆ

ಎಲ್ಲವನ್ನೂ ಒಂದೇ ಕಟ್ಟಡದಲ್ಲಿ ಇಟ್ಟರೆ ಖರ್ಚು ಉಳಿಯುತ್ತದೆ ನಿಜ, ಆದರೆ ಒಂದು ಕಿಡಿ ಬಿದ್ದರೆ ಇಡೀ ಕಾಲೇಜೇ ಹೋಗುತ್ತದೆ. ಮರದ ನೆಲ, ಮರದ ಮೆಟ್ಟಿಲು, ಕೋಣೆಗೊಂದು ಒಲೆ, ಎಣ್ಣೆಯ ದೀಪ, ನೀರಿನ ಕೊಳವೆಗಳಿಲ್ಲದ ಗುಡ್ಡದ ನೆತ್ತಿ ಇವೆಲ್ಲ ಸೇರಿದರೆ ಅನಾಹುತ ತಪ್ಪಿಸುವುದು ಕಷ್ಟವಿತ್ತು. ನಸೌ ಹಾಲ್ 1802ರಲ್ಲಿ ಒಮ್ಮೆ, 1855ರಲ್ಲಿ ಇನ್ನೊಮ್ಮೆ ಸುಟ್ಟು ಗೋಡೆಗಳಷ್ಟೇ ಉಳಿದವು. ಬೆಥನಿ ಕಾಲೇಜಿನ ಮೊದಲ ಕಟ್ಟಡ 1857ರಲ್ಲಿ ಬೆಂಕಿಗೆ ಆಹುತಿಯಾದದ್ದರಿಂದಲೇ ಅದರ ಇಂದಿನ ಓಲ್ಡ್ ಮೇನ್ ಹುಟ್ಟಿತು. 1858ರಲ್ಲಿ ಆರಂಭವಾದ ಕೆಲಸ ನಡುವೆ ಅಂತರ್ಯುದ್ಧವನ್ನು ಕಂಡು 1871ರಲ್ಲಿ ಮುಗಿಯಿತು. ಮೌಂಟ್ ಹೋಲ್ಯೋಕಿನ ಮೂಲ ಕಟ್ಟಡ 1896ರಲ್ಲಿ ಸುಟ್ಟುಹೋಯಿತು. ಇದು ಎಣ್ಣೆ ದೀಪದ ಕಾಲದ ಮಾತಷ್ಟೇ ಎನ್ನುವಂತಿಲ್ಲ: ಟೆಕ್ಸಸ್‌ನ ಸ್ಯಾಮ್ ಹ್ಯೂಸ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಓಲ್ಡ್ ಮೇನ್ 1982ರಲ್ಲಿ ಪೂರ್ತಿ ಸುಟ್ಟಿತು, ಯೂಟಾ ಸ್ಟೇಟ್‌ನದ್ದರ ಉತ್ತರದ ಅಂಗ 1983ರಲ್ಲಿ. ಟೆಕ್ಸಸ್‌ನವರು ಮತ್ತೆ ಕಟ್ಟಲಿಲ್ಲ. ಅಳಿದುಳಿದ ತಳಪಾಯವನ್ನು ನೆನಪಿಗಾಗಿ ಹಾಗೆಯೇ ಬಿಟ್ಟಿದ್ದಾರೆ. ಯೂಟಾದವರು ಸುಟ್ಟ ಭಾಗವನ್ನು ದುರಸ್ತಿ ಮಾಡಿಕೊಂಡರು. ತಮ್ಮ ತಂಡ ಗೆದ್ದ ದಿನ ಅದರ ಗೋಪುರದ ಮೇಲಿನ 'ಎ' ಅಕ್ಷರ ನೀಲಿ ಬಣ್ಣದಲ್ಲಿ ಬೆಳಗುತ್ತದೆ.

ಬೇಕೆಂದೇ ಕೆಡವಿದ್ದೂ ಉಂಟು. ಆಸ್ಟಿನ್ ಊರಿನ ಟೆಕ್ಸಸ್ ವಿಶ್ವವಿದ್ಯಾಲಯದವರು 1880ರ ದಶಕದಿಂದ 1899ರವರೆಗೆ ಹಂತಹಂತವಾಗಿ ಕಟ್ಟಿದ ತಮ್ಮ ಓಲ್ಡ್ ಮೇನ್ ಅನ್ನು 1934ರಲ್ಲಿ ಕೆಡವಿ, ಅದೇ ಜಾಗದಲ್ಲಿ ಇಂದಿನ ಎತ್ತರದ ಗೋಪುರವನ್ನು 1937ರಲ್ಲಿ ಪೂರ್ತಿಗೊಳಿಸಿದರು.

ಪೆನ್ ಸ್ಟೇಟ್‌ನ ಕಥೆ ಇದಕ್ಕಿಂತ ತೊಡಕಿನದು. ರೈತರ ಮಕ್ಕಳ ಪ್ರೌಢಶಾಲೆಯಾಗಿ 1855ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ, ಕಟ್ಟಡ ಅರ್ಧವಾಗಿದ್ದಾಗಲೇ, 1859ರಲ್ಲಿ ಪಾಠ ಶುರುಮಾಡಿತು. ಕಟ್ಟಡ ಮುಗಿದದ್ದು 1863ರಲ್ಲಿ. ಸುಣ್ಣಕಲ್ಲನ್ನು ಹತ್ತಿರದ ಗಣಿಯಿಂದ ಎಳೆದು ತಂದ ಹೇಸರಗತ್ತೆಗಳಲ್ಲಿ ಒಂದಾದ 'ಓಲ್ಡ್ ಕೋಲಿ'ಯ ಅಸ್ಥಿಪಂಜರವನ್ನು ವಿಶ್ವವಿದ್ಯಾಲಯ ಇಂದಿಗೂ ಕಾಪಾಡಿಕೊಂಡಿದೆ; ಕಟ್ಟಿದ ಕೂಲಿಗಳ ಹೆಸರುಗಳಿಗೆ ಸಿಕ್ಕದ ಗೌರವ ಇದು. 1929ರಲ್ಲಿ ಆ ಕಟ್ಟಡವನ್ನು ಅಪಾಯಕಾರಿ ಎಂದು ಇಳಿಸಿ, ಅದರ ಕಲ್ಲನ್ನೇ ಬಳಸಿ ಬೇರೆ ವಿನ್ಯಾಸದಲ್ಲಿ 1930ರಲ್ಲಿ ಈಗಿನದನ್ನು ಎಬ್ಬಿಸಿದರು. ಹಾಗಾದರೆ ಅದು ಹಳೆಯ ಕಟ್ಟಡವೇ, ಹೊಸದೇ? ಕಲ್ಲು 1860ರದು, ಗೋಡೆ 1930ರದು, ಹೆಸರು ಎರಡಕ್ಕೂ ಒಂದೇ. ಹೀಗಾಗಿ ಒಂದು ಓಲ್ಡ್ ಮೇನ್‌ನ ವಯಸ್ಸು ಹೇಳುವಾಗ ಸಂಸ್ಥೆ ಹುಟ್ಟಿದ ವರ್ಷ, ಮೊದಲ ಕಟ್ಟಡದ ವರ್ಷ, ಈಗ ನಿಂತಿರುವ ಕಟ್ಟಡದ ವರ್ಷ ಎಂಬ ಮೂರನ್ನು ಬೇರೆಬೇರೆಯಾಗಿ ನೋಡಬೇಕಾಗುತ್ತದೆ.

ಮೊದಲು ಕಾಲೇಜೇ ಆಗಿರದ ಓಲ್ಡ್ ಮೇನ್ ಕೂಡ ಒಂದಿದೆ. ಡೆಟ್ರಾಯಿಟ್ ನಗರದ ವೇನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಈ ಹೆಸರು ಹೊತ್ತಿರುವ ಗಡಿಯಾರ ಗೋಪುರದ ಕಟ್ಟಡವನ್ನು 1896ರಲ್ಲಿ ಕಟ್ಟಿದ್ದು ನಗರದ ಸೆಂಟ್ರಲ್ ಹೈಸ್ಕೂಲಿಗಾಗಿ; ವಿಶ್ವವಿದ್ಯಾಲಯ ಆಮೇಲೆ ಅದರೊಳಗೆ ಬೆಳೆಯಿತು.

ನಮ್ಮ ಕಡೆ ಹೀಗೇಕಾಗಲಿಲ್ಲ?

ಬೆಳಗಾವಿಯಲ್ಲಿ ಹಳೆಯ ಕಾಲೇಜು ಕಟ್ಟಡಗಳಿಗೆ ಕೊರತೆಯಿಲ್ಲ, ಆದರೆ ಅವುಗಳ ಹೆಸರುಗಳು ಒಂದರಂತೆ ಒಂದಿಲ್ಲ. ಕಾರಣ, ಇಲ್ಲಿ ಹೆಸರು ಬಂದದ್ದು ಕಟ್ಟಡದ ವಯಸ್ಸಿನಿಂದಲ್ಲ, ದಾನಿಯಿಂದ. ಏಳು ಮಂದಿ ಶಿಕ್ಷಕರು 1916ರಲ್ಲಿ ಹುಟ್ಟುಹಾಕಿದ ಕೆ.ಎಲ್.ಇ. ಸಂಸ್ಥೆ 1933ರಲ್ಲಿ ಕಾಲೇಜು ತೆರೆದಾಗ, ತಮ್ಮ ಆಸ್ತಿಯನ್ನು ವಿದ್ಯೆಗಾಗಿ ಬಿಟ್ಟುಹೋದ ಸಿರಸಂಗಿ ಲಿಂಗರಾಜ ದೇಸಾಯರ ಹೆಸರನ್ನು ಅದಕ್ಕೆ ಇಟ್ಟಿತು. ಅದೇ ಸಂಸ್ಥೆಯ ವಿಜ್ಞಾನ ಕಾಲೇಜು ರಾಜಾ ಲಖಮಗೌಡರ ಹೆಸರಿನಲ್ಲಿದೆ. ಜಿ.ಎ. ಹೈಸ್ಕೂಲೆಂದು ಊರಿಗೆಲ್ಲ ಗೊತ್ತಿರುವ ಶಾಲೆಯ ಎರಡು ಅಕ್ಷರಗಳಲ್ಲಿ ಗಿಲಗಂಚಿ ಮತ್ತು ಅರಟಾಳ ಮನೆತನಗಳ ಹೆಸರುಗಳು ಅಡಗಿವೆ.

ನಮ್ಮಲ್ಲಿ ಹಲವು ಊರುಗಳ ಕಾಲೇಜುಗಳು ಒಂದೇ ಹೆಸರನ್ನು ಹಂಚಿಕೊಳ್ಳುವುದು ಬೇರೆ ದಾರಿಯಿಂದ. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿಯಲ್ಲಿ ಹುಟ್ಟಿದ ಬಸವೇಶ್ವರರ ಹೆಸರು ಬಾಗಲಕೋಟೆಯ ಕಾಲೇಜಿಗೂ ಇದೆ, ರಾಜ್ಯದ ಇನ್ನೆಷ್ಟೋ ಊರುಗಳ ಕಾಲೇಜುಗಳಿಗೂ ಇದೆ. ಅದು ಗೌರವಕ್ಕಾಗಿ ಆರಿಸಿಕೊಂಡ ಹೆಸರು. ಓಲ್ಡ್ ಮೇನ್ ಯಾರೂ ಆರಿಸದೆ ಬಳಕೆಯಿಂದ ನಿಂತ ಹೆಸರು.

ಪಟ್ಟಿಗೆ ಸೇರಿದರೆ ಏನಾಗುತ್ತದೆ?

ಬಹಳಷ್ಟು ಓಲ್ಡ್ ಮೇನ್‌ಗಳ ಮುಂದೆ ಒಂದು ಲೋಹದ ಫಲಕ ಇರುತ್ತದೆ: ಇದು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಯಲ್ಲಿದೆ ಎಂದು. 1966ರ ಕಾಯಿದೆಯೊಂದರಿಂದ ಹುಟ್ಟಿದ ಈ ಪಟ್ಟಿಯನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನ ಇಲಾಖೆ ನೋಡಿಕೊಳ್ಳುತ್ತದೆ. ಅದರಲ್ಲಿ 90,000ಕ್ಕೂ ಹೆಚ್ಚು ನಮೂದುಗಳಿವೆ. ಸಾಮಾನ್ಯವಾಗಿ ಕನಿಷ್ಠ 50 ವರ್ಷ ಹಳೆಯದಾಗಿರಬೇಕು, ಮತ್ತು ಚರಿತ್ರೆಯಿಂದಲೋ ವಾಸ್ತುಶಿಲ್ಪದಿಂದಲೋ ಮಹತ್ವವಿರಬೇಕು. ಇದರ ಮೇಲಿನ ಮೆಟ್ಟಿಲೇ ನಾಕ್ಸ್ ಕಾಲೇಜಿನ ಕಟ್ಟಡಕ್ಕೆ ಸಿಕ್ಕ ರಾಷ್ಟ್ರೀಯ ಹೆಗ್ಗುರುತಿನ ಮಾನ್ಯತೆ; ಅಂಥವು ದೇಶದಲ್ಲಿ ಸುಮಾರು 2,600 ಮಾತ್ರ. ಬೆಥನಿಯ ಓಲ್ಡ್ ಮೇನ್ 1990ರಲ್ಲಿ ಅದನ್ನು ಪಡೆಯಿತು. ಪಟ್ಟಿಯಲ್ಲಿ ಓಲ್ಡ್ ಮೇನ್ ಎಂಬ ಹೆಸರು ಹಲವು ಬಾರಿ ಬರುವುದರಿಂದ ಸಂಸ್ಥೆ, ಊರು, ರಾಜ್ಯಗಳ ಹೆಸರುಗಳಿಲ್ಲದೆ ಯಾವ ಕಟ್ಟಡವೆಂದು ಗುರುತಿಸಲಾಗದು.

ಗೋಳಗುಮ್ಮಟದ ಸುತ್ತಮುತ್ತ ಮನೆ ಕಟ್ಟಿಕೊಳ್ಳಲು ಅನುಮತಿಗಾಗಿ ಅಲೆದ ವಿಜಯಪುರದವರಿಗೆ ಸಂರಕ್ಷಣೆಯ ಕಾನೂನು ಎಂದರೆ ಏನು ಎಂಬುದು ಚೆನ್ನಾಗಿ ಗೊತ್ತು. ನಮ್ಮ 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ, ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ನಿರ್ಮಾಣಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ನಲ್ಲಿ ಅನುಮತಿ ಬೇಕು. ಅಮೆರಿಕದ ಪಟ್ಟಿ ಇಂಥದ್ದಲ್ಲ. ಕೇಂದ್ರ ಸರ್ಕಾರದ ಹಣ ಅಥವಾ ಪರವಾನಗಿ ಬೇಕಾದ ಯೋಜನೆಯಿಂದ ಪಟ್ಟಿಯ ಕಟ್ಟಡಕ್ಕೆ ಧಕ್ಕೆಯಾಗುವಂತಿದ್ದರೆ ಸರ್ಕಾರ ಮೊದಲು ಅದನ್ನು ಪರಿಶೀಲಿಸಬೇಕು. ಆದರೆ ಖಾಸಗಿ ಮಾಲೀಕ ತನ್ನ ಸ್ವಂತ ಹಣದಿಂದ ಕಟ್ಟಡವನ್ನು ಬದಲಿಸಿದರೆ, ಕೊನೆಗೆ ಕೆಡವಿದರೂ, ಪಟ್ಟಿಯ ಬಲದಿಂದ ತಡೆಯಲಾಗುವುದಿಲ್ಲ. ತಡೆ ಬೇಕಾದರೆ ಆ ಊರಿನ ಅಥವಾ ರಾಜ್ಯದ ಕಾನೂನಿನಲ್ಲಿ ಇರಬೇಕು. ಅಷ್ಟೇ ಅಲ್ಲ, ಖಾಸಗಿ ಮಾಲೀಕ ಒಪ್ಪದಿದ್ದರೆ ಕಟ್ಟಡವನ್ನು ಪಟ್ಟಿಗೆ ಸೇರಿಸುವಂತೆಯೂ ಇಲ್ಲ. ಸರ್ಕಾರಿ ವಿಶ್ವವಿದ್ಯಾಲಯಗಳ ಓಲ್ಡ್ ಮೇನ್‌ಗಳಿಗೆ ರಾಜ್ಯದ ಅನುದಾನವೂ ಹಳೆಯ ವಿದ್ಯಾರ್ಥಿಗಳ ದೇಣಿಗೆಯೂ ಬೆಂಬಲವಾಗಿವೆ. ಹ್ಯಾಂಕಾಕ್ ಊರಿನಂಥ ಸಣ್ಣ ಖಾಸಗಿ ಕಾಲೇಜು ಮುಚ್ಚಿದಾಗ ಕಟ್ಟಡದ ಛಾವಣಿ ಸೋರದಂತೆ ನೋಡಿಕೊಳ್ಳುವ ಹೊಣೆ ಅದನ್ನು ಕೊಂಡವರ ಮೇಲೆ ಬೀಳುತ್ತದೆ.